ಕಾರಿನ ಬ್ಯಾಟರಿಯ ತಪಾಸಣೆ ಮತ್ತು ಪಾಲನೆ: ಬೆಳಗಾವಿ, ಖಾನಾಪುರ

ಕಾರಿನ ಬ್ಯಾಟರಿ ಎಂಬುದು ಎಂಜಿನ್ನಿಗೆ ಮೊದಲ ತಿರುವು ಕೊಡುವ ಸೀಸ-ಆಮ್ಲ ಸಂಚಾಯಕ. ಎಂಜಿನ್ ಓಡತೊಡಗಿದ ಮೇಲೆ ಬೆಲ್ಟಿನಿಂದ ತಿರುಗುವ ಅಲ್ಟರ್ನೇಟರ್ ವಿದ್ಯುತ್ತಿನ ಹೊಣೆ ಹೊತ್ತುಕೊಂಡು, ಬ್ಯಾಟರಿ ಕಳೆದುಕೊಂಡದ್ದನ್ನು ಮರಳಿ ತುಂಬುತ್ತದೆ. ಬೆಳಗಾವಿಯ ಗ್ಯಾರೇಜುಗಳಲ್ಲಿ ಇದಕ್ಕೆ ಸಂಬಂಧಿಸಿ ದಿನವೂ ಕೇಳುವ ಮಾತು ಎರಡು: ‘ಗಾಡಿ ಚಾಲೂ ಆಗವಲ್ತು’ ಮತ್ತು ‘ಬ್ಯಾಟರಿ ಡೌನ್ ಆಗೇತಿ’. ಮೊದಲನೆಯದು ರೋಗದ ಲಕ್ಷಣ, ಎರಡನೆಯದು ನಿದಾನ. ಲಕ್ಷಣ ಕಂಡೊಡನೆ ನಿದಾನಕ್ಕೆ ಹಾರುವುದರಿಂದ ಇನ್ನೂ ಜೀವವಿರುವ ಬ್ಯಾಟರಿಗಳು ಗುಜರಿ ಸೇರುತ್ತವೆ, ಸಡಿಲ ಕ್ಲಾಂಪು ಮಾತ್ರ ಹಾಗೇ ಉಳಿಯುತ್ತದೆ. ನಡುವೆ ಇರಬೇಕಾದದ್ದು ಅಳತೆ. ಅದಕ್ಕೆ ಬೇಕಾಗುವುದು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಮತ್ತು ಒಂದು ರಾತ್ರಿಯ ತಾಳ್ಮೆ.

ರಚನೆ ಮತ್ತು ಹಿನ್ನೆಲೆ

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ರೂಪಿಸಿದ. 1881ರಲ್ಲಿ ಕಮೀಯ್ ಫೋರ್ ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪ ಮೆತ್ತುವ ವಿಧಾನ ತಂದ ಮೇಲೆ ಅದು ಕಾರ್ಖಾನೆಯ ಸರಕಾಯಿತು. ಕಾರಿಗೂ ಅದಕ್ಕೂ ಗಟ್ಟಿ ನಂಟು ಬೆಳೆದದ್ದು 1912ರಲ್ಲಿ. ಆ ವರ್ಷ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ಅಲ್ಲಿಯವರೆಗೆ ಎಂಜಿನ್ನಿನ ಮೂತಿಗೆ ಹ್ಯಾಂಡಲ್ ಚುಚ್ಚಿ ತಿರುಗಿಸಬೇಕಿತ್ತು. ಹ್ಯಾಂಡಲ್ ಬೇಡದೆ ತಾನೇ ತಿರುಗುವ ಈ ವ್ಯವಸ್ಥೆಗೆ ‘ಸೆಲ್ಫ್ ಸ್ಟಾರ್ಟರ್’ ಎಂದು ಹೆಸರಾಯಿತು. ನಮ್ಮ ಮೆಕ್ಯಾನಿಕರ ಬಾಯಲ್ಲಿ ಈಗಲೂ ಅದು ‘ಸೆಲ್ಫ್’. ಅಲ್ಟರ್ನೇಟರ್ ಬಂದು ದಶಕಗಳೇ ಕಳೆದರೂ ಹಲವರು ಅದನ್ನು ‘ಡೈನಮೊ’ ಎಂದೇ ಕರೆಯುವಂತೆ, ಯಂತ್ರ ಹೋದರೂ ಹೆಸರು ಉಳಿಯುತ್ತದೆ.

ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಆರು ಸೆಲ್‌ಗಳು ಸಾಲಾಗಿ ಜೋಡಿಕೊಂಡಿರುತ್ತವೆ. ಪ್ರತಿ ಸೆಲ್ಲಿನದು ಸುಮಾರು 2.1 ವೋಲ್ಟ್, ಆರೂ ಸೇರಿ 12.6. ಧನ ಫಲಕದ ಮೇಲೆ ಚಾಕೊಲೇಟ್ ಬಣ್ಣದ ಸೀಸದ ಡೈಆಕ್ಸೈಡ್, ಋಣ ಫಲಕದ ಮೇಲೆ ಬೂದು ಬಣ್ಣದ ಸ್ಪಂಜಿನಂಥ ಸೀಸ, ಸುತ್ತ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ ಹರಿದು ಹೋಗುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗಿ ನೀರಿನ ಕಡೆ ವಾಲುತ್ತದೆ. ಚಾರ್ಜ್ ಆಗುವಾಗ ಸಲ್ಫೇಟ್ ಕರಗಿ ಆಮ್ಲ ಮತ್ತೆ ಗಟ್ಟಿಯಾಗುತ್ತದೆ. ಸಲ್ಫೇಟ್ ಹೊಸದಾಗಿರುವಾಗ ನುಣ್ಣಗಿರುತ್ತದೆ, ಸುಲಭವಾಗಿ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ದೊಡ್ಡ ಹರಳುಗಳಾಗಿ ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಸಲ್ಫೇಶನ್ ಎಂಬುದು ಇದೇ. ಈ ಭಾಗದ ಬ್ಯಾಟರಿಗಳ ಅಕಾಲ ಮರಣದ ಕಾರಣ ಹುಡುಕುವವರು ಮೊದಲು ಇಲ್ಲಿಗೇ ಬರಬೇಕು.

ಹಳೆಯ ಗಟ್ಟಿ ರಬ್ಬರ್ ಪೆಟ್ಟಿಗೆಯ ಬ್ಯಾಟರಿಗಳ ಬಾಯಿಗೆ ಡಾಂಬರು ಮೆತ್ತಿರುತ್ತಿದ್ದರು. ಸೆಲ್‌ಗಳನ್ನು ಕೂಡಿಸುವ ಸೀಸದ ಪಟ್ಟಿಗಳು ಮೇಲೆಯೇ ಕಾಣುತ್ತಿದ್ದುದರಿಂದ ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದಿತ್ತು. ಕೆಟ್ಟ ಸೆಲ್ಲಿನ ಫಲಕಗಳನ್ನು ಬದಲಿಸಿ ಬ್ಯಾಟರಿಯನ್ನು ‘ರೀಬಿಲ್ಡ್’ ಮಾಡುವುದೂ ಒಂದು ಕಸುಬಾಗಿತ್ತು. ಪಾಲಿಪ್ರೊಪಿಲೀನ್ ಪೆಟ್ಟಿಗೆಗಳ ಮುಚ್ಚಳವನ್ನು ಕಾಯಿಸಿ ಬೆಸೆಯುವ ಪದ್ಧತಿ ಬಂದ ಮೇಲೆ ಆ ಕಸುಬು ಬಹುಮಟ್ಟಿಗೆ ಮರೆಯಾಯಿತು. ಒಂದು ಸೆಲ್ ಹೋದರೆ ಈಗ ಬ್ಯಾಟರಿಯೇ ಹೋದಂತೆ.

ಊರಿನ ಹವೆ, ಗಾಡಿಯ ಓಡಾಟ

ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಹವೆ ತುಸು ತಂಪು. ಬ್ಯಾಟರಿಯ ಮೊದಲ ವೈರಿ ಬಿಸಿಲು. ತಾಪ 10 ಡಿಗ್ರಿ ಏರಿದರೆ ಒಳಗಿನ ಸವೆತದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಈ ವಿದ್ಯೆಯ ಸ್ಥೂಲ ಸೂತ್ರ. ಆ ಲೆಕ್ಕದಲ್ಲಿ ರಾಯಚೂರು, ಕಲಬುರಗಿಯ ಕಾರುಗಳಿಗಿಂತ ಬೆಳಗಾವಿಯ ಕಾರುಗಳು ಪುಣ್ಯ ಮಾಡಿವೆ. ಹಾಗಿದ್ದೂ ಇಲ್ಲಿ ಬ್ಯಾಟರಿಗಳು ಬೇಗ ಸೋಲುತ್ತವೆ ಎಂಬ ದೂರಿದ್ದರೆ ಕಾರಣವನ್ನು ಆಕಾಶದಲ್ಲಿ ಹುಡುಕುವುದಕ್ಕಿಂತ ಓಡಾಟದ ರೀತಿಯಲ್ಲಿ ಹುಡುಕುವುದು ಮೇಲು. ನಗರದಲ್ಲಿ ಬ್ಯಾಟರಿ ಸಾಯುವುದು ಸ್ವಲ್ಪ ಸ್ವಲ್ಪವೇ ಓಡಿ, ಖಾನಾಪುರದ ಕಡೆ ಸಾಯುವುದು ಓಡದೆಯೇ.

ನಗರದ ಲೆಕ್ಕ ನೋಡಿ. ಸೆಲ್ಫ್ ಹೊಡೆದಾಗ ಸಣ್ಣ ಪೆಟ್ರೋಲ್ ಕಾರು ಸುಮಾರು 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಎರಡು ಸೆಕೆಂಡಿಗೆ ಖರ್ಚಾಗುವುದು 0.1 ಆಂಪಿಯರ್-ಗಂಟೆಗೂ ಕಡಿಮೆ, 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಚಿಲ್ಲರೆ. ತೊಡಕು ಬೇರೆಡೆ ಇದೆ. ಶೇ. 80ರವರೆಗೆ ಬ್ಯಾಟರಿ ಬೇಗ ತುಂಬುತ್ತದೆ, ಕೊನೆಯ ಶೇ. 20 ತುಂಬಲು ಗಂಟೆಗಳು ಬೇಕು. ಶಹಾಪುರದಿಂದ ಖಡೇಬಜಾರಿಗೆ, ಖಡೇಬಜಾರಿನಿಂದ ಕ್ಯಾಂಪಿಗೆ ಹತ್ತು ಹತ್ತು ನಿಮಿಷ ಓಡುವ ಕಾರಿಗೆ ಆ ಕೊನೆಯ ಪಾಲು ಎಂದೂ ದಕ್ಕುವುದಿಲ್ಲ. ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ಎಂಜಿನ್ ಆರಿಸಿ, ಹೆಡ್‌ಲೈಟು, ಹಾಡು, ಬ್ಲೋವರ್ ಮಾತ್ರ ಉಳಿಸಿಕೊಂಡು ಕಾಯುವವರು ಇದ್ದದ್ದನ್ನೂ ಖರ್ಚು ಮಾಡುತ್ತಾರೆ. ಹೀಗೆ ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿ ಬದುಕುತ್ತದೆ, ಸಲ್ಫೇಟ್ ಗಟ್ಟಿಯಾಗುತ್ತದೆ. ಡಿಸೆಂಬರಿನ ಒಂದು ಚಳಿ ಮುಂಜಾವು ಎಂಜಿನ್ ಆಯಿಲ್ ದಪ್ಪಗಾಗಿ ಸೆಲ್ಫ್ ಹೆಚ್ಚು ಬಲ ಕೇಳಿದಾಗ ಗುಟ್ಟು ಬಯಲಾಗುತ್ತದೆ. ಜನ ಚಳಿಯನ್ನು ಬೈಯುತ್ತಾರೆ.

ಖಾನಾಪುರ ಬೆಳಗಾವಿಯಿಂದ ಸುಮಾರು 26 ಕಿ.ಮೀ., ಗೋವೆಯ ದಾರಿಯಲ್ಲಿ. ದೂರ ಇಷ್ಟೇ ಆದರೂ ಅಲ್ಲಿಂದಾಚೆಗೆ ಮಲೆನಾಡಿನ ಸೆರಗು ಶುರುವಾಗುತ್ತದೆ. ಜಾಂಬೋಟಿ ದಾಟಿ, ಮಲಪ್ರಭಾ ಹುಟ್ಟುವ ಕಣಕುಂಬಿಯ ಕಡೆ ಹೋದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದು ಅಪರೂಪ. ಆ ತಿಂಗಳುಗಳಲ್ಲಿ ಒಳಊರುಗಳ ಎಷ್ಟೋ ಕಾರುಗಳು ಹೆಂಚಿನ ಚಪ್ಪರದಡಿ ಮುಸುಕು ಹೊದ್ದು ನಿಲ್ಲುತ್ತವೆ. ನಿಂತ ಕಾರೂ ತಿನ್ನುತ್ತಲೇ ಇರುತ್ತದೆ: ಗಡಿಯಾರ, ಅಲಾರಂ, ಬಾಗಿಲ ಲಾಕು, ಎಂಜಿನ್ ಕಂಪ್ಯೂಟರಿನ ನೆನಪು ಎಲ್ಲ ಸೇರಿ 30 ಮಿಲಿಆಂಪಿಯರ್ ಎಂದರೂ ದಿನಕ್ಕೆ 0.72 ಆಂಪಿಯರ್-ಗಂಟೆ, ತಿಂಗಳಿಗೆ 21.6. ಮೇಲಿನ 35ರ ಬ್ಯಾಟರಿಯಲ್ಲಿ ಇದು ಶೇ. 60ಕ್ಕೂ ಹೆಚ್ಚು. ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳಿಯುವುದು ಇದರ ಮೇಲೆ. ಮುಸುಕು ತೆಗೆಯುವ ಹೊತ್ತಿಗೆ ಬಾಗಿಲ ಲೈಟೂ ಹತ್ತುವುದಿಲ್ಲ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದಾಗ ನಗರದವರಿಗೂ ಇದೇ ಪಾಠವಾಯಿತು.

ತೇವಕ್ಕೆ ಇನ್ನೊಂದು ಕೈಚಳಕವಿದೆ. ಬ್ಯಾಟರಿಯ ನೆತ್ತಿಯ ಮೇಲೆ ಆಮ್ಲದ ಆವಿ, ಕೆಂಪು ಧೂಳು ಮತ್ತು ಮಳೆಗಾಲದ ಪಸೆ ಸೇರಿ ತೆಳ್ಳನೆಯ ಪದರವಾಗುತ್ತದೆ. ಅದು ಎರಡು ಟರ್ಮಿನಲ್‌ಗಳ ನಡುವೆ ಕಣ್ಣಿಗೆ ಕಾಣದ ತಂತಿಯಂತೆ ವರ್ತಿಸಿ ಹಗಲೂ ರಾತ್ರಿ ಚಾರ್ಜ್ ಸೋರಿಸುತ್ತದೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಋಣ ಟರ್ಮಿನಲ್ಲಿಗೆ ಹಿಡಿದು, ಕೆಂಪು ಕಡ್ಡಿಯನ್ನು ಬರೀ ಪ್ಲಾಸ್ಟಿಕ್ಕಿನ ಮೇಲೆ ಮೆಲ್ಲಗೆ ಎಳೆದು ನೋಡಿದರೆ ಕೊಳಕು ಬ್ಯಾಟರಿಯಲ್ಲಿ ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿಸುತ್ತದೆ, ಧನ ಟರ್ಮಿನಲ್ ಹತ್ತಿರವಾದಷ್ಟೂ ಅಂಕಿ ಏರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಮತ್ತೆ ನೋಡಿದರೆ ಸೊನ್ನೆ. ಇದಕ್ಕಿಂತ ಅಗ್ಗದ ದುರಸ್ತಿ ಕಾರಿನಲ್ಲಿ ಇನ್ನೊಂದಿಲ್ಲ.

ತಪಾಸಣೆ

ಮೊದಲು ಕಣ್ಣು. ಪೆಟ್ಟಿಗೆ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ, ಹಿಡಿಕೆಯ ಪಟ್ಟಿ ಸಡಿಲಾಗಿ ಬ್ಯಾಟರಿ ಅಲುಗಾಡುತ್ತಿದೆಯೇ ಎಂದು ನೋಡಬೇಕು. ಖಾನಾಪುರ-ಲೋಂಡಾ ಕಡೆಯ ಗುಂಡಿ ರಸ್ತೆಗಳಲ್ಲಿ ಅಲುಗಾಡುವ ಬ್ಯಾಟರಿಯ ಫಲಕಗಳಿಂದ ಲೇಪ ಉದುರಿ ತಳದಲ್ಲಿ ಕೆಸರಾಗಿ ಕೂರುತ್ತದೆ. ಕೆಲವು ಬ್ಯಾಟರಿಗಳ ನೆತ್ತಿಯಲ್ಲಿ ಹಸಿರು ತೋರಿಸುವ ‘ಮ್ಯಾಜಿಕ್ ಐ’ ಇರುತ್ತದೆ. ಅದನ್ನು ನಂಬಿ ಕೆಟ್ಟವರುಂಟು. ಅದು ಆರರಲ್ಲಿ ಒಂದೇ ಸೆಲ್ಲಿನ ಸುದ್ದಿ ಹೇಳುತ್ತದೆ, ಪಕ್ಕದ ಸೆಲ್ ಸತ್ತಿದ್ದರೂ ಹಸಿರೇ.

ಆಮೇಲೆ ವಿಶ್ರಾಂತ ವೋಲ್ಟೇಜು. ಈಗಷ್ಟೇ ಓಡಿ ಬಂದ ಕಾರಿನಲ್ಲಿ ಅಳೆದರೆ ಫಲಕದ ಮೇಲ್ಮೈಯ ಹುಸಿ ಚಾರ್ಜು 13ರ ಮೇಲಿನ ಅಂಕಿ ತೋರಿಸಿ ಮೋಸ ಮಾಡುತ್ತದೆ. ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಾನೆಟ್ ಎತ್ತಿ ಅಳೆಯುವುದು ಸರಿಯಾದ ಕ್ರಮ. ಬಾನೆಟ್ಟಿನ ಕೊಂಡಿಯನ್ನು ಹಿಂದಿನ ರಾತ್ರಿಯೇ ಬಿಡಿಸಿಟ್ಟುಕೊಳ್ಳಬೇಕು. 12.6 ಅಥವಾ ಮೇಲಿದ್ದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಅರ್ಧ, 12.0 ಕಾಲು. 12.4ರ ಕೆಳಗೆ ದಿನಗಟ್ಟಲೆ ಇರಿಸುವುದು ಸಲ್ಫೇಶನ್‌ಗೆ ಆಹ್ವಾನ. 10.5ರ ಆಸುಪಾಸಿನಲ್ಲಿ ನಿಂತು ಎಷ್ಟು ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ ಎಂದು ತಿಳಿಯಬಹುದು.

ವೋಲ್ಟೇಜು ಹೊಟ್ಟೆ ತುಂಬಿದ್ದನ್ನು ಹೇಳೀತು, ತೋಳಿನ ಬಲವನ್ನು ಹೇಳದು. ಅದಕ್ಕೆ ಸೆಲ್ಫ್ ಹೊಡೆಯುವಾಗಿನ ಅಳತೆ ಬೇಕು. ಇನ್ನೊಬ್ಬರು ಕೀಲಿ ತಿರುಗಿಸುವಾಗ ಮೀಟರು 9.6ರ ಕೆಳಗಿಳಿಯಬಾರದು. ಇಳಿದರೂ ತಕ್ಷಣ ಬ್ಯಾಟರಿಯನ್ನು ದೂರಬಾರದು. ಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿನ ಸೀಸದ ಗುಬಟಿನ ನಡುನೆತ್ತಿಗೆ, ಇನ್ನೊಂದನ್ನು ಅದಕ್ಕೆ ಕಚ್ಚಿದ ಕ್ಲಾಂಪಿಗೆ ಇಟ್ಟು ಮತ್ತೊಮ್ಮೆ ಸೆಲ್ಫ್ ಹೊಡೆಸಬೇಕು. ಎರಡೂ ಒಂದಕ್ಕೊಂದು ತಾಗಿಯೇ ಇರುವುದರಿಂದ ಅಂಕಿ ಸೊನ್ನೆಯ ಹತ್ತಿರವಿರಬೇಕು. 0.2 ದಾಟಿದರೆ ನಡುವೆ ತುಕ್ಕಿನ ಪದರವಿದೆ, ಬಲ ಅಲ್ಲೇ ಸೋರುತ್ತಿದೆ. ಅರ್ಥ್ ವೈರು ಬಾಡಿಗೆ ಸೇರುವ ಬೋಲ್ಟಿನಲ್ಲೂ ಹೀಗೇ ನೋಡಬೇಕು. ಮಳೆನಾಡಿನಲ್ಲಿ ಓಡುವ ಗಾಡಿಗಳಲ್ಲಿ ಅದು ಮೊದಲು ತುಕ್ಕು ಹಿಡಿಯುವ ಜಾಗಗಳಲ್ಲೊಂದು.

ನೀರು ಹಾಕುವ ಬ್ಯಾಟರಿಯಾದರೆ ಹೈಡ್ರೊಮೀಟರಿನ ಮಾತೇ ಅಂತಿಮ. ರಬ್ಬರ್ ಬುಗ್ಗೆ ಹಿಚುಕಿ ಬಿಟ್ಟರೆ ಆಮ್ಲ ಗಾಜಿನ ಕೊಳವೆಗೆ ಏರಿ, ಒಳಗಿನ ತೇಲುಕಡ್ಡಿ ಸಾಂದ್ರತೆ ತೋರಿಸುತ್ತದೆ. 27 ಡಿಗ್ರಿಯಲ್ಲಿ 1.250ರ ಮೇಲಿದ್ದರೆ ತುಂಬಿದೆ, 1.200ರ ಸುಮಾರಿಗೆ ಅರ್ಧ, 1.120ಕ್ಕೆ ಬಂದರೆ ಬರಿದು. ಆದರೆ ಇಲ್ಲಿ ನೋಡಬೇಕಾದದ್ದು ಅಂಕಿಗಿಂತ ಅಂಕಿಗಳ ನಡುವಿನ ಅಂತರ. ಆರೂ ಸೆಲ್‌ಗಳು 1.190 ತೋರಿಸಿದರೆ ಸಮಾಧಾನ, ಚಾರ್ಜಿಗೆ ಹಾಕಿದರೆ ಸಾಕು. ಐದು 1.255 ತೋರಿಸಿ ನಾಲ್ಕನೆಯದು ಮಾತ್ರ 1.180ಕ್ಕೆ ಕುಸಿದಿದ್ದರೆ ಆ ಸೆಲ್ ಹೋಗಿದೆ, ಅದರೊಂದಿಗೆ ಬ್ಯಾಟರಿಯೂ. ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರ ಕೆಟ್ಟ ಶಕುನ. ಆಗಷ್ಟೇ ನೀರು ತುಂಬಿದ್ದರೆ ಈ ಪರೀಕ್ಷೆಯನ್ನು ಮುಂದೂಡಬೇಕು, ನೀರು ಮೇಲೇ ನಿಂತು ಸುಳ್ಳು ಹೇಳಿಸುತ್ತದೆ.

ಬ್ಯಾಟರಿ ಅಂಗಡಿಗಳಲ್ಲಿರುವ ಕೈಯಳತೆಯ ಡಿಜಿಟಲ್ ಟೆಸ್ಟರು ಬ್ಯಾಟರಿಯ ಒಳವಾಹಕತೆಯನ್ನು ಅಳೆದು ಚೀಟಿ ಮುದ್ರಿಸಿ ಕೊಡುತ್ತದೆ. ಅರೆ ಖಾಲಿಯಾದ ಬ್ಯಾಟರಿಗೂ ‘ಬದಲಿಸಿ’ ಎಂದು ಬರೆದುಕೊಡುವ ಸ್ವಭಾವ ಅದಕ್ಕಿದೆ. ಪೂರ್ತಿ ಚಾರ್ಜ್ ಮಾಡಿಸಿದ ಮೇಲಿನ ಚೀಟಿಯನ್ನಷ್ಟೇ ನಂಬುವುದು ಒಳ್ಳೆಯದು. ಕೊನೆಗೆ ಎಂಜಿನ್ ಓಡುತ್ತಿರುವಾಗ ಟರ್ಮಿನಲ್ಲಿನಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಕಡಿಮೆಯಾದರೆ ಬೆಲ್ಟು ಅಥವಾ ಅಲ್ಟರ್ನೇಟರ್ ನೋಡಬೇಕು, 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತದೆ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಈ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ, ಅಲ್ಲಿ ಒಂದೇ ಅಂಕಿ ನೋಡಿ ತೀರ್ಪು ಕೊಡಲಾಗದು.

ಪಾಲನೆ

ಟರ್ಮಿನಲ್ ಮೇಲೆ ಬೆಳೆಯುವ ಬಿಳಿ ಹೂವು ಸೀಸದ ಸಲ್ಫೇಟ್, ನೀಲಿ-ಹಸಿರಿನದು ತಾಮ್ರದ್ದು. ಎಂಜಿನ್ ಆರಿಸಿ, ಮೊದಲು ಋಣ ಕ್ಲಾಂಪು ಬಿಚ್ಚಬೇಕು. ಧನವನ್ನು ಮೊದಲು ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ನೂರಾರು ಆಂಪಿಯರಿನ ಕಿಡಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಬುಸುಬುಸು ನೊರೆ ಬರುತ್ತದೆ. ನೊರೆ ನಿಂತರೆ ಆಮ್ಲ ಮುಗಿಯಿತೆಂದರ್ಥ. ಸೋಡಾ ನೀರು ಸೆಲ್ಲಿನ ಬಿರಡೆಯೊಳಗೆ ಒಂದು ಹನಿಯೂ ಇಳಿಯಬಾರದು. ತೊಳೆದು ಒಣಗಿಸಿ, ಧನ ಮೊದಲು, ಋಣ ಕೊನೆಗೆ ಬಿಗಿದು, ಮೇಲೆ ವ್ಯಾಸಲೀನ್ ತೆಳ್ಳಗೆ ಸವರಬೇಕು. ಬಿಗಿಯುವ ಮೊದಲು ಸವರಿ ನಡುವೆ ಪದರ ಮಾಡುವುದು ಸಾಮಾನ್ಯ ತಪ್ಪು.

ನೀರಿನ ಮಟ್ಟ ಫಲಕಗಳ ಮೇಲೆ 10ರಿಂದ 15 ಮಿ.ಮೀ. ಇರಬೇಕು. ಆರುವುದು ನೀರು ಮಾತ್ರ, ಆದ್ದರಿಂದ ತುಂಬಬೇಕಾದ್ದೂ ನೀರು ಮಾತ್ರ. ‘ಸ್ವಲ್ಪ ಆಸಿಡ್ ಹಾಕಿದರೆ ಜೋರಾಗುತ್ತದೆ’ ಎಂಬ ಸಲಹೆ ಫಲಕಗಳನ್ನು ತಿಂದು ಹಾಕುತ್ತದೆ. ಬ್ಯಾಟರಿ ನೀರಿನ ಶುದ್ಧತೆಗೆ ಐಎಸ್ 1069 ಎಂಬ ಭಾರತೀಯ ಮಾನಕವೇ ಇದೆ. ಮನೆಯ ಆರ್‌ಒ ನೀರಿನಲ್ಲಿ ಉಳಿಯುವ ಲವಣವೂ ಹೆಚ್ಚೇ, ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲೋಹದ ಅಂಶ ಸೇರಿರುತ್ತದೆ. ಹಳ್ಳಿಗಳಲ್ಲಿ ಮಳೆನೀರು ಹಿಡಿದಿಟ್ಟು ಹಾಕುವ ರೂಢಿಯಿತ್ತು. ನಡುಮಳೆಗಾಲದಲ್ಲಿ ಬಯಲಿನಲ್ಲಿ ನೇರವಾಗಿ ಪ್ಲಾಸ್ಟಿಕ್ ಪಾತ್ರೆಗೆ ಬಿದ್ದ ನೀರಿಗೂ ಹೆಂಚಿನಿಂದ ಇಳಿದ ನೀರಿಗೂ ಅಜಗಜಾಂತರ. ಡಿಸ್ಟಿಲ್ಡ್ ವಾಟರ್ ಕ್ಯಾನಿನ ಬೆಲೆ ನೋಡಿದರೆ ಈ ಜಿಪುಣತನಕ್ಕೆ ಅರ್ಥವಿಲ್ಲ.

ನಗರದ ಕಾರಿಗೆ ಮದ್ದು ಎಂದರೆ ವಾರಕ್ಕೊಮ್ಮೆ ನಿಲ್ಲಿಸದೆ ಮುಕ್ಕಾಲು ಗಂಟೆ ಓಟ. ಬೆಳಗಾವಿಯಿಂದ ಹೆದ್ದಾರಿ ಹಿಡಿದು ಕಿತ್ತೂರಿಗೋ ಖಾನಾಪುರಕ್ಕೋ ಹೋಗಿ ಬಂದರೆ ಆಯಿತು. ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸಿ ಆರಿಸುವುದು ಪೆಟ್ರೋಲಿಗೆ ದಂಡ. ಮಳೆಗಾಲ ಪೂರ್ತಿ ನಿಲ್ಲುವ ಕಾರಿಗೆ ಎರಡು ದಾರಿ: ಋಣ ಕ್ಲಾಂಪು ಬಿಚ್ಚಿಡುವುದು, ಇಲ್ಲವೇ ತಿಂಗಳಿಗೊಮ್ಮೆ ಹೊರಗಿನ ಚಾರ್ಜರಿಗೆ ಹಾಕುವುದು. ಚಾರ್ಜ್ ಮಾಡುವಾಗ ಸಾಮರ್ಥ್ಯದ ಹತ್ತನೇ ಒಂದು ಪಾಲು ಸಾಕು. 35ರ ಬ್ಯಾಟರಿಗೆ 3.5 ಆಂಪಿಯರ್, ಹತ್ತು ಹನ್ನೆರಡು ಗಂಟೆ. ಅವಸರದ ಚಾರ್ಜು ಫಲಕಗಳನ್ನು ಬಾಗಿಸುತ್ತದೆ. ಹೊಮ್ಮುವ ಹೈಡ್ರೊಜನ್ ಗಾಳಿಯಲ್ಲಿ ಶೇ. 4ರಷ್ಟಾದರೂ ಕಿಡಿಗೆ ಸಿಡಿಯುತ್ತದೆ, ಹಾಗಾಗಿ ಮುಚ್ಚಿದ ಕೋಣೆ, ಬೀಡಿ, ಊದುಬತ್ತಿ ಎಲ್ಲ ದೂರವಿರಲಿ. 2019ರ ಆಗಸ್ಟಿನಂಥ ನೆರೆಯಲ್ಲಿ ನೀರು ನುಗ್ಗಿದ ಕಾರಿಗೆ ಕೀಲಿ ಹಾಕದೆ ಋಣ ವೈರು ಬಿಚ್ಚುವುದೇ ಮೊದಲ ಕೆಲಸ.

ಘಾಟಿನಲ್ಲಿ ನಿಂತರೆ

ಚೋರ್ಲಾ ಅಥವಾ ಅನಮೋಡ ಘಾಟಿನಲ್ಲಿ ಜುಲೈ ತಿಂಗಳ ಒಂದು ಸಂಜೆ ಹೆಡ್‌ಲೈಟು, ವೈಪರ್, ಬ್ಲೋವರ್, ಹಿಂಗಾಜು ಒಣಗಿಸುವ ತಂತಿ ಎಲ್ಲ ಒಟ್ಟಿಗೆ ಹಾಕಿಕೊಂಡು, ಲಾರಿಗಳ ಹಿಂದೆ ತೆವಳುವ ಕಾರು ಸುಮಾರು 35 ಆಂಪಿಯರ್ ಕೇಳುತ್ತದೆ. ನಿಧಾನಕ್ಕೆ ತಿರುಗುವ ಅಲ್ಟರ್ನೇಟರಿಗೆ ಅಷ್ಟು ಕೊಡುವುದು ಕಷ್ಟ, ಕೊರತೆ ಬ್ಯಾಟರಿಯ ಲೆಕ್ಕಕ್ಕೆ ಬೀಳುತ್ತದೆ. ಈ ದಾರಿಯ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೂ ಇರದ ಕಾರಣ ದಪ್ಪ ತಾಮ್ರದ ಜಂಪರ್ ಕೇಬಲ್ ಡಿಕ್ಕಿಯಲ್ಲಿರುವುದು ಲೇಸು. ಕೆಂಪು ವೈರು ಸತ್ತ ಬ್ಯಾಟರಿಯ ಧನಕ್ಕೆ, ಅದರ ಇನ್ನೊಂದು ತುದಿ ಜೀವವಿರುವುದರ ಧನಕ್ಕೆ. ಕಪ್ಪು ವೈರು ಜೀವವಿರುವುದರ ಋಣಕ್ಕೆ, ಅದರ ಕೊನೆಯ ತುದಿ ಮಾತ್ರ ಸತ್ತ ಬ್ಯಾಟರಿಗಲ್ಲ, ಆ ಕಾರಿನ ಎಂಜಿನ್ನಿನ ಬರೀ ಲೋಹಕ್ಕೆ. ಕೊನೆಯ ಕಿಡಿ ಅನಿಲದಿಂದ ದೂರ ಸಿಡಿಯಲಿ ಎಂಬುದೇ ಇದರ ತರ್ಕ. ಸಾರಿಗೆ ಬಸ್ಸು, ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ, ಅವುಗಳಿಂದ ಕಾರಿಗೆ ಜಂಪ್ ಕೊಡಬಾರದು.

ಧಕ್ಕಾ ಹೊಡೆದು ಚಾಲೂ ಮಾಡುವುದು ಹಳೆಯ ಡೀಸೆಲ್ ಗಾಡಿಗಳ ಕಾಲದ ವಿದ್ಯೆ. ಜೀಪನ್ನು ಇಳಿಜಾರಿನಲ್ಲೇ ನಿಲ್ಲಿಸಿ ಮಲಗುವ ಅಭ್ಯಾಸವೂ ಆಗಿನದೇ. ಈಗಿನ ಕಾರುಗಳ ಇಂಧನ ಪಂಪಿಗೂ ಕಂಪ್ಯೂಟರಿಗೂ ಒಂದಿಷ್ಟು ವೋಲ್ಟೇಜು ಉಳಿದಿರಲೇಬೇಕು. ಆಟೊಮ್ಯಾಟಿಕ್ ಗೇರಿನವಕ್ಕಂತೂ ಧಕ್ಕಾ ನಾಟುವುದಿಲ್ಲ. ವಿದ್ಯುತ್ ಕಾರಿಗೂ 12 ವೋಲ್ಟಿನ ಸಣ್ಣ ಬ್ಯಾಟರಿ ಇದ್ದೇ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ.

ಬದಲಾವಣೆ ಮತ್ತು ವಿಲೇವಾರಿ

ಮೂರರಿಂದ ಐದು ವರ್ಷ ಇಲ್ಲಿನ ಸಾಧಾರಣ ಆಯಸ್ಸು. ಹೊಸದನ್ನು ಕೊಳ್ಳುವಾಗ ಆಂಪಿಯರ್-ಗಂಟೆಯ ಜೊತೆಗೆ ಟರ್ಮಿನಲ್ ಯಾವ ಬದಿಗಿದೆ ಎಂದೂ ನೋಡಬೇಕು. 38ಬಿ20ಎಲ್ ಎಂಬ ಗುರುತಿನಲ್ಲಿ 20 ಎಂದರೆ ಉದ್ದ 20 ಸೆಂ.ಮೀ.ನಷ್ಟು, ಕೊನೆಯ ಅಕ್ಷರ ಬದಿಯ ಸೂಚನೆ. ಅದು ತಪ್ಪಿದರೆ ವೈರು ಮುಟ್ಟುವುದಿಲ್ಲ. ಸಿಗ್ನಲ್ಲಿನಲ್ಲಿ ತಾನೇ ಎಂಜಿನ್ ಆರಿಸುವ ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ ಜಾತಿಯದೇ ಬೇಕು, ಸಾದಾ ಬ್ಯಾಟರಿ ಅಲ್ಲಿ ಬಾಳುವುದಿಲ್ಲ. ತಯಾರಾದ ತಿಂಗಳನ್ನು ನೋಡದೆ, ವಾರಂಟಿ ಕಾರ್ಡಿಗೆ ಮುದ್ರೆ ಹಾಕಿಸದೆ ಅಂಗಡಿ ಬಿಡಬಾರದು. ಅಂಗಡಿಯ ಕಪಾಟಿನಲ್ಲಿ ಆರು ತಿಂಗಳು ಕೂತ ಬ್ಯಾಟರಿ ಹೊಸದಲ್ಲ.

ಹಳೆಯದರ ತೂಕದಲ್ಲಿ ಸುಮಾರು ಶೇ. 60 ಸೀಸವೇ. ಬೆಳಗಾವಿಯ ಗಲ್ಲಿಗಳಲ್ಲಿ ಗುಜರಿಗೆ ಮರಾಠಿಯಿಂದ ಬಂದ ‘ಭಂಗಾರ’ ಎಂಬ ಮಾತು ಬಳಕೆಯಲ್ಲಿದೆ. ಕನ್ನಡದ ಕಿವಿಗೆ ಅದು ‘ಬಂಗಾರ’ ಎಂದೇ ಕೇಳಿಸಿದರೆ, ಬ್ಯಾಟರಿಯ ಮಟ್ಟಿಗಾದರೂ ತಪ್ಪು ಕೇಳಿಸಿಕೊಂಡಂತಾಗಲಿಲ್ಲ. ಹಳೇ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಅಂಗಡಿಯವರು ಒಂದಿಷ್ಟು ಮುರಿದುಕೊಳ್ಳುವುದು ಈ ಸೀಸಕ್ಕಾಗಿ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಅದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ತಯಾರಕರದು. ಎರಡು ಕಾಸು ಹೆಚ್ಚು ಸಿಗುತ್ತದೆಂದು ಆಮ್ಲವನ್ನು ಗಟಾರಕ್ಕೆ ಸುರಿದು, ಫಲಕಗಳನ್ನು ಬಯಲ ಒಲೆಯಲ್ಲಿ ಕರಗಿಸುವವರ ಕೈಗೆ ಕೊಟ್ಟರೆ ಆ ಸೀಸದ ಹೊಗೆ ಮೊದಲು ಸೇರುವುದು ಅಕ್ಕಪಕ್ಕದ ಮಕ್ಕಳ ರಕ್ತಕ್ಕೆ. ಖಾನಾಪುರದ ಕಡೆಯ ಹಳ್ಳಿಗಳಲ್ಲಿ ಆ ಗಟಾರ ಹರಿದು ಸೇರುವುದು ಮಲಪ್ರಭೆಗೆ.